ನಿಮ್ಹಾನ್ಸಿನಲ್ಲಿ 18 ದಿವಸ

ಬೆಂಗಳೂರನ್ನು ನೋಡಲು ಹೋಗುವವರು ಲಾಲ್‌ಬಾಗಿನ ಗಾಜಿನ ಮನೆಯನ್ನೂ ಬಸವನಗುಡಿಯ ದೊಡ್ಡ ಬಸವಣ್ಣನನ್ನೂ ನೋಡಿಕೊಂಡು ಊರಿಗೆ ಮರಳುವರು. ಲಾಲ್‌ಬಾಗಿಗೆ ಅನತಿದೂರದಲ್ಲಿ, ಹೊಸೂರು ರಸ್ತೆಯ ಮೇಲೆ ಇರುವ ಇನ್ನೊಂದು ವಿಶಾಲವಾದ ಆವರಣವನ್ನು ನೋಡಬೇಕೆಂದು ಯಾರೂ ಹೊರಡುವುದಿಲ್ಲ. ದೈವವು ಕರೆದೊಯ್ದವರು ಮಾತ್ರ ಹೋಗುವರು. ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯೆಂಬುದು ಅದರ ಪೂರ್ಣ ನಾಮಧೇಯವಾದರೂ ನಿಮ್ಹಾನ್ಸ್ ಎಂಬ ಹ್ರಸ್ವನಾಮದಿಂದಲೇ ಅದು ಸರ್ವತ್ರ ಪ್ರಸಿದ್ಧವಾಗಿದೆ. ನಮ್ಮ ತಂಗಿಯ ಮಗನ ದೆಸೆಯಿಂದ ಕಳೆದ ಮಾಘಮಾಸದಲ್ಲಿ ನಾವು ಅಲ್ಲಿ 18 ದಿವಸ ಇರಬೇಕಾಯಿತು. ರೋಗದ ವಿಚಾರವನ್ನು ವೈದ್ಯರು ಬರೆಯಲಿ. ರೋಗಿಯ ಮಗ್ಗುಲಲ್ಲಿ ಕುಳಿತಿರುವವರ ವಿಚಾರವಾಗಿ ನಾವು ಕಂಡುದನ್ನು ಗೃಹಸ್ಥರಾದ ವಾಚಕರಿಗೆ ನಿವೇದಿಸುವೆವು.

ತಿಪಟೂರಿನಲ್ಲಿ ರೈಲನ್ನು ಹತ್ತಿದೆವು. ಹುಡುಗನು (ಹುಡುಗನೆನ್ನುವುದು ವಾತ್ಸಲ್ಯದಿಂದ, ಅವನಿಗೆ 31 ವರ್ಷ) ಕಿಟಕಿಯಾಚೆ ನೋಡುತ್ತ, ತನಗೊಬ್ಬನಿಗೇ ಕೇಳಿಸುವ ಯಾರದೋ ಮಾತಿಗೆ ಉತ್ತರ ಕೊಡುತ್ತಿದ್ದನು. ಎದುರಿಗೆ ಕುಳಿತಿದ್ದವರು ಮೆಲ್ಲನೆ ಎದ್ದು ಬೇರೆ ಕಡೆಗೆ ಹೋದರು. ತಂಗಿಯು ಅದನ್ನು ಕಂಡೂ ಕಾಣದವಳಂತೆ ಬುತ್ತಿಯ ಗಂಟನ್ನು ಬಿಚ್ಚಿದಳು. ಈ ಅಭಿನಯದಲ್ಲಿ ಆಕೆಗೆ 9 ವರ್ಷಗಳ ಅಭ್ಯಾಸವಾಗಿದ್ದಿತು.

ಪೂರ್ವದಲ್ಲಿ ಹುಚ್ಚರ ಆಸ್ಪತ್ರೆಯೆನಿಸಿಕೊಂಡಿದ್ದ ಈ ಸಂಸ್ಥೆಗೆ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ಮೈಸೂರು ಸರ್ಕಾರವು 1925 ರಲ್ಲಿ ಕೊಟ್ಟಿತು. 1954 ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಯಿತು. ಇವೆರಡೂ ಕೂಡಿ 1974 ನೆಯ ಡಿಸೆಂಬರ್ 27 ರಂದು ಈಗಿನ ಸಂಸ್ಥೆಯಾಯಿತು. ಒಳಹೊಕ್ಕರೆ ದೊಡ್ಡ ಮರಗಳ ನೆರಳು. ಆ ನೆರಳಿನಲ್ಲಿ ಕನ್ನಡ, ತೆಲುಗು, ತಮಿಳು, ಬಂಗಾಳಿ ಭಾಷೆಗಳು ಒಂದೇ ಬಗೆಯ ತಗ್ಗಿದ ಸ್ವರದಲ್ಲಿ ಕೇಳಿಬರುವುವು. ಚೇತರಿಸಿಕೊಳ್ಳುತ್ತಿರುವ ರೋಗಿಗಳಿಗೆ ಕೆಲಸ ಕಲಿಸುವ ವಿಭಾಗದಲ್ಲಿ ಒಂದು ಬೇಕರಿಯುಂಟು. ಅಲ್ಲಿಯ ಬ್ರೆಡ್ಡು ಬಹಳ ಚೆನ್ನಾಗಿದ್ದಿತೆಂಬುದನ್ನು ಇಲ್ಲಿಯೇ ಹೇಳಿಬಿಡುವೆವು.

ನಮ್ಮ ದೇಶದ ಇಂತಹ ಆಸ್ಪತ್ರೆಗಳ ಒಂದು ವಿಶೇಷವನ್ನು ವಾಚಕರು ಗಮನಿಸಬೇಕು. ಹಳೆಯ ಪಾಶ್ಚಾತ್ಯ ಪದ್ಧತಿಯಲ್ಲಿ ಬಂಧುಗಳು ರೋಗಿಯನ್ನು ಹೆಬ್ಬಾಗಿಲಿನಲ್ಲಿ ಒಪ್ಪಿಸಿ ಹಿಂದಿರುಗತಕ್ಕದ್ದು. 1950 ರ ದಶಕದಲ್ಲಿ ಅಮೃತಸರದ ಡಾಕ್ಟರ್ ವಿದ್ಯಾಸಾಗರರು ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹಾಕಿಸಿ ಬಂಧುಗಳನ್ನೂ ರೋಗಿಗಳ ಜೊತೆಯಲ್ಲಿ ಇರಿಸಿಕೊಂಡರು. ವೆಲ್ಲೂರಿನಲ್ಲಿಯೂ ನಿಮ್ಹಾನ್ಸಿನಲ್ಲಿಯೂ ಅನಂತರ ಇದೇ ಕ್ರಮವು ನೆಲೆಗೊಂಡಿತು. ರೋಗಿಗೆ ಇದರಿಂದ ಆಗುವ ಉಪಕಾರವು ನಿಸ್ಸಂಶಯವಾದುದು. ಆದರೆ ಜೊತೆಗೆ ಬಂದವರು ಸಂಬಳವಿಲ್ಲದ, ರಜೆಯಿಲ್ಲದ ದಾದಿಯರಾಗುವರೆಂಬುದೂ ಅಷ್ಟೇ ನಿಜ.

ಪಕ್ಕದ ಹಾಸಿಗೆಯಲ್ಲಿ ರಾಯಚೂರು ಕಡೆಯ ಹೆಂಗಸೊಬ್ಬಳಿದ್ದಳು. ಆಕೆಯ ಗಂಡನು ಕೂಲಿಗಾರ. "ಇಲ್ಲಿ ಕುಂತ್ರ ಅಲ್ಲಿ ಕೂಲಿ ಇಲ್ರಿ ಮಾಸ್ತರ್ರ, ಅಲ್ಲಿ ಹೋದ್ರ ಇಲ್ಲಿ ಈಕಿಗೆ ಯಾರೂ ಇಲ್ರಿ" ಎಂದನು. ಎತ್ತಿನ ಜೋಡಿಯನ್ನು ಮಾರಿಯಾಗಿತ್ತು. ಮನೆಯಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು 13 ವರ್ಷದ ಹಿರಿಯ ಮಗಳ ಶಾಲೆಯನ್ನು ಬಿಡಿಸಿಯಾಗಿತ್ತು. ನಾವು 34 ವರ್ಷ ಹಾಜರಿ ಪುಸ್ತಕವನ್ನು ಬರೆದವರು. ಎಷ್ಟೋ ಹುಡುಗಿಯರ ಹೆಸರಿನ ಮುಂದೆ "ಗೃಹಕೃತ್ಯ ನಿಮಿತ್ತ" ಎಂದು ಬರೆದು ಗೆರೆ ಎಳೆದಿರುವೆವು. ಆ ಎರಡು ಪದಗಳೊಳಗೆ ಏನೇನು ಅಡಗಿದ್ದೀತೆಂಬುದು ಆ ರಾತ್ರಿ ನಮ್ಮ ನಿದ್ರೆಯನ್ನು ಕೆಡಿಸಿತು.

ಈ ಭಾರವನ್ನು ಅಳೆಯುವ ಕೋಲನ್ನೂ ಇದೇ ಸಂಸ್ಥೆಯವರು ನಿರ್ಮಿಸಿರುವುದು ಸಂತೋಷದ ವಿಷಯ. ಶೈಲಾ ಪೈ ಮತ್ತು ಡಾಕ್ಟರ್ ಆರ್. ಎಲ್. ಕಪೂರ್ ಅವರು 1981 ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ 24 ಅಂಶಗಳುಂಟು: ಮನೆಯ ಹಣಕಾಸು, ನಿತ್ಯದ ಕೆಲಸಕಾರ್ಯಗಳು, ವಿರಾಮ, ಮನೆಯವರ ಪರಸ್ಪರ ಹೊಂದಿಕೆ, ಇತರರ ದೇಹಾರೋಗ್ಯ, ಇತರರ ಮನಸ್ಸಿನ ಆರೋಗ್ಯ ಎಂಬ 6 ವಿಭಾಗಗಳು. ಭಾರವಿಲ್ಲದಿದ್ದರೆ ಸೊನ್ನೆ, ಮಧ್ಯಮವಾದರೆ 1, ತೀವ್ರವಾದರೆ 2. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿ, ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳನ್ನು ವಿಧಿಸಿದೆ. ಬಾಲ್ಯದಿಂದ ಅದನ್ನು ಗೌರವದಿಂದ ಓದಿದವರು ನಾವು. ಆದರೂ ಪರಿಚಾರಕನ ಊಟ, ನಿದ್ರೆಗಳ ಲೆಕ್ಕವು ಆ ಪಟ್ಟಿಯಲ್ಲಿ ಇಲ್ಲ. ಈ ಪ್ರಶ್ನಾವಳಿಯಲ್ಲಿ ಇದೆ.

ಸಮಾಜಕಾರ್ಯಕರ್ತೆಯೊಬ್ಬಳು, ನಮ್ಮ ಶಿಷ್ಯೆಯರ ವಯಸ್ಸಿನವಳು, ಅದೇ ಮಾದರಿಯಲ್ಲಿ ತಂಗಿಯನ್ನು ವಿಚಾರಿಸಿದಳು.

"ಅಮ್ಮಾ, ನಿಮ್ಮ ಆರೋಗ್ಯ ಹೇಗಿದೆ?"

"ನನಗೇನು ತಾಯಿ, ಗುಂಡುಕಲ್ಲಿನ ಹಾಗಿದೀನಿ."

"ರಾತ್ರಿ ನಿದ್ದೆ ಬರುತ್ತಾ?"

"ಬಾಗಿಲ ಚಿಲಕ ಸದ್ದಾದರೆ ಎಚ್ಚರವಾಗುತ್ತೆ, ಅಷ್ಟೆ."

"ಒಂದು ರಾತ್ರಿ ಪೂರ್ತಿ ಮಲಗಿ ಎಷ್ಟು ದಿನವಾಯಿತು?"

ತಂಗಿಯು ಬಹಳ ಹೊತ್ತು ಯೋಚಿಸಿ ನಮ್ಮ ಕಡೆಗೆ ತಿರುಗಿ, "ಅಣ್ಣಯ್ಯಾ, ಇವರು ಹೋದದ್ದು ಯಾವ ವರ್ಷ?" ಎಂದು ಕೇಳಿದಳು. ನಮ್ಮ ಭಾವಮೈದುನನು ಜೀವಂತನಾಗಿದ್ದಾಗ ಇಬ್ಬರೂ ಸರದಿಯಿಂದ ಬಾಗಿಲು ಕಾಯುತ್ತಿದ್ದರಂತೆ. ಅವನು ತೀರಿ 6 ವರ್ಷ. ಮರುದಿನ ಆಕೆಯ ರಕ್ತವನ್ನು ಪರೀಕ್ಷೆ ಮಾಡಿಸಿದಾಗ ಸಕ್ಕರೆಯು ವಿಪರೀತವಾಗಿ ಏರಿದ್ದಿತು. ಮಗನ ಗುಳಿಗೆಗಳನ್ನು ಹೊತ್ತು ಗೊತ್ತಿಗೆ ತಪ್ಪದೆ ಕೊಡುವವಳು ತನ್ನ ಗುಳಿಗೆಗಳನ್ನು ಊರಿನ ಬೀರುವಿನಲ್ಲಿಯೇ ಬಿಟ್ಟು ಬಂದಿದ್ದಳು.

ತಿಂಗಳಿಗೆ 10 ದಿವಸ ಹುಡುಗನು ನಮ್ಮ ಮನೆಯಲ್ಲಿರಲೆಂದು ನಾವು ಸೂಚಿಸಿದೆವು. "ನಾನಿಲ್ಲದೆ ಅವನು ಒಂದು ತುತ್ತೂ ಉಣ್ಣೋದಿಲ್ಲ" ಎಂದು ಹಟ ಹಿಡಿದಳು. ಪ್ರಯೋಗಾರ್ಥವಾಗಿ 14 ನೆಯ ದಿವಸ ಆಕೆಯನ್ನು ಬಸವನಗುಡಿಯ ಬಂಧುಗಳ ಮನೆಗೆ ಕಳುಹಿಸಿ ನಾವು ವಾರ್ಡಿನಲ್ಲಿ ಉಳಿದೆವು. ಹುಡುಗನು ಎರಡು ಸಾರಿ ಅಮ್ಮನೆಲ್ಲಿ ಎಂದು ಕೇಳಿ, ಆಮೇಲೆ ಮೊಸರನ್ನವನ್ನು ಉಂಡು ಮಲಗಿದನು. ತಂಗಿಯು ಬೆಳಗಿನ ಐದು ಗಂಟೆಗೇ ಬಂದು ಗೇಟಿನ ಬಳಿ ನಿಂತಿದ್ದಳು. ಕಣ್ಣು ಮುಚ್ಚಲೇ ಇಲ್ಲವಂತೆ. ಮಾರನೆಯ ರಾತ್ರಿ ಪುನಃ ಕಳುಹಿಸಿದೆವು. ಆ ದಿನ ಎಂಟೂವರೆಗೆ ಬಂದಳು. ಹುಡುಗನು ಅನ್ನ ಉಂಡನೆಂಬುದನ್ನು ಕೇಳಿ ಆಕೆಯ ಮುಖದಲ್ಲಿ ಸಮಾಧಾನದ ಜೊತೆಗೆ ಸ್ವಲ್ಪ ಬೇಸರವೂ ಕಂಡಿತು.

ಇಲ್ಲಿಗೆ ಹೋಗುವವರು ಹಳೆಯ ಚೀಟಿಗಳೆಲ್ಲವನ್ನೂ ಒಯ್ಯಬೇಕು. ರೋಗಿಯೊಡನೆ ಒಬ್ಬರೇ ಹೋಗಕೂಡದು, ಇಬ್ಬರು ಹೋಗಬೇಕು. ಹೊರಗಿನಿಂದ ಬಂದವರಿಗೆ ಧರ್ಮಶಾಲೆಯ ಅನುಕೂಲವುಂಟು. ತಮಗಿರುವ ಸ್ವಂತ ಕಾಯಿಲೆಯ ಔಷಧಗಳನ್ನೂ ಚೀಲದಲ್ಲಿ ಇಟ್ಟುಕೊಳ್ಳಬೇಕು.

ಈಗ ಪ್ರತಿ ಶುಕ್ಲಪಕ್ಷದಲ್ಲಿ ಹುಡುಗನು ನಮ್ಮಲ್ಲಿಗೆ ಬರುವನು. ತಂಗಿಯು ಮೊದಲು ದಿನಕ್ಕೆ ನಾಲ್ಕು ಸಾರಿ ಫೋನ್ ಮಾಡುತ್ತಿದ್ದಳು. ಕಳೆದ ತಿಂಗಳು ಅರಸೀಕೆರೆಯಲ್ಲಿ ಒಂದು ಮದುವೆಗೆ ಹೋಗಿದ್ದಳಾದ್ದರಿಂದ ಒಂದೇ ಸಾರಿ ಮಾಡಿದಳು. ನಮ್ಮ ಮನೆಯಲ್ಲಿ ಗೃಹಿಣಿಗೂ ನಮಗೂ ಚಿಲಕದ ಸದ್ದಿಗೆ ಎಚ್ಚರವಾಗುವುದು ಆರಂಭವಾಗಿದೆ. ಸರದಿಯನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಕೊಂಡಿರುವೆವು.