ಹೊರಟು ನಿಂತ ಅತಿಥಿಗಳು

ಹಂಸ, ಚಕೋರ, ಚಾತಕಗಳನ್ನು ಹತ್ತು ವರ್ಷಗಳಿಂದ ತರಗತಿಯಲ್ಲಿ ಹಾರಿಸುತ್ತ ಬಂದಿರುವ ನಾನು, ಕಿಟಕಿಯ ಹೊರಗಿನ ಹಕ್ಕಿಯೊಂದರ ಹೆಸರನ್ನು ವಿದ್ಯಾರ್ಥಿಯೊಬ್ಬನು ಕೇಳಿದಾಗ ತಲೆ ತುರಿಸಿಕೊಂಡೆ. ಆ ಅವಮಾನವೇ ನನ್ನನ್ನು ಕೊಡಗಿನ ಕಾಲುದಾರಿಗಳಿಗೆ ಎಳೆದೊಯ್ದುದು. ಅಂದಿನಿಂದ ಮಾರ್ಚ್, ಏಪ್ರಿಲ್ ತಿಂಗಳ ಭಾನುವಾರಗಳಲ್ಲಿ ನಾಲ್ಕಾರು ಹುಡುಗರನ್ನು ಕಟ್ಟಿಕೊಂಡು, ಇಬ್ಬರಿಗೊಂದರಂತೆ ದುರ್ಬೀನು ಹಿಡಿದು, ಕಕ್ಕಬ್ಬೆಯಿಂದ ನಾಲ್ಕುನಾಡು ಅರಮನೆಯ ಕಡೆಗೆ ನಡೆಯುವುದು ರೂಢಿಯಾಗಿದೆ.

ದೊಡ್ಡವೀರರಾಜೇಂದ್ರನು 1792ರಲ್ಲಿ ಕಟ್ಟಿಸತೊಡಗಿದ ಅರಮನೆ ಅದು. ಬೆನ್ನಿಗೆ 1,748 ಮೀಟರ್ ಎತ್ತರದ ತಡಿಯಂಡಮೋಳ್. ಪ್ರವಾಸಿಗಳು ಶಿಖರದ ಮೇಲೆ ಕಣ್ಣಿಟ್ಟು ಬಿರಬಿರನೆ ಸಾಗುತ್ತಾರೆ. ನಮಗಾದರೋ ಒಂದು ಮೈಲಿ ಕಳೆಯಲು ಎರಡು ಗಂಟೆ ಸಾಲದು.

ಹೂಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ಕಾಫಿತೋಟಗಳೆಲ್ಲ ಬೆಳ್ಳಗೆ ಅರಳಿ ಮಲ್ಲಿಗೆಯಂತೆ ಘಮಘಮಿಸುತ್ತವೆ. ನಮಗೆ ಅದು ವಸಂತದ ಆಗಮನ; ಮಳೆಗಾಲ ಮುಗಿದಾಗ ಬಡಗಣಿಂದ ಬಂದಿಳಿದ ಹಕ್ಕಿಗಳಿಗೆ ಅದೇ ಪ್ರಯಾಣದ ಮುಹೂರ್ತ. ತೊರೆಯ ಕಲ್ಲಿನ ಮೇಲೆ ಬಾಲ ಕುಣಿಸುವ ಬೂದು ಸಿಪಿಲೆಯನ್ನೇ ನೋಡಿ. (ಮಲೆನಾಡಿಗರು ಸಿಪಿಲೆಗೆ ಇಟ್ಟಿರುವ ಕುಂಡೆಕುಸ್ಕ ಎಂಬ ಹೆಸರು ಪಂಡಿತರ ಹೆಸರಿಗಿಂತ ಎಷ್ಟೋ ಮೇಲು!) ಚಳಿಗಾಲವಿಡೀ ಬೆಳ್ಳಗಿದ್ದ ಗಂಡಿನ ಕೊರಳು ಈಗ ಕಪ್ಪಾಗುತ್ತದೆ, ಮದುವೆಗೆ ಹೊರಟವನು ಮನೆಯಲ್ಲಿಯೇ ಉಡುಪು ತೊಟ್ಟು ಹೊರಟಂತೆ. ಮರದ ತುದಿಯಲ್ಲಿ ಚುರುಕಾಗಿ ಉಲಿಯುವ ಹಸಿರು ಉಲಿಯಕ್ಕಿಯ ತೂಕ ಏಳೆಂಟು ಗ್ರಾಂ. ಅದರ ತವರು ಕಾಕಸಸ್ ಪರ್ವತಗಳ ಸೀಮೆ. ಬಸ್ಸು ತಪ್ಪಿದರೆ ಮಡಿಕೇರಿಗೆ ಹೋಗಲು ಹಿಂಜರಿಯುವ ನಾವು ಅದರ ಮುಂದೆ ನಾಚಬೇಕು.

ಎಫ್. ಎನ್. ಬೆಟ್ಸ್ ಎಂಬವರು ಕೊಡಗಿನ ಹಕ್ಕಿಗಳನ್ನು ಕುರಿತು 1951ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ವಿಸ್ತಾರವಾಗಿ ಬರೆದರು. 2007ರಲ್ಲಿ ಬೆಂಗಳೂರಿನಿಂದ ಆರಂಭವಾದ 'ಮೈಗ್ರೆಂಟ್ ವಾಚ್' ಎಂಬ ಯೋಜನೆ ಜನಸಾಮಾನ್ಯರನ್ನೇ ಸಾಕ್ಷಿಗಳನ್ನಾಗಿ ಕರೆಯಿತು: ವಲಸೆ ಹಕ್ಕಿಯನ್ನು ಮೊದಲು ಕಂಡ ದಿನ ಯಾವುದು, ಕಡೆಯ ಬಾರಿ ಕಂಡ ದಿನ ಯಾವುದು? ಮೊದಲನೆಯ ಪ್ರಶ್ನೆ ಸುಲಭ. ಎರಡನೆಯದರ ಕಷ್ಟ ನನಗೆ ಅರಿವಾದುದು ಹೊಲಕ್ಕಿಳಿದ ಮೇಲೆಯೇ. ಕಂಡ ದಿನ ಅದು ಕಡೆಯ ದಿನವೆಂದು ತಿಳಿಯುವುದಿಲ್ಲ. ಇಲ್ಲದ ಹಕ್ಕಿಯನ್ನು ನೋಡಲು ಮತ್ತೆ ಮತ್ತೆ ಹೋಗಬೇಕು.

ನಮ್ಮ ದಾರಿಯಲ್ಲಿ ಹಿರಿಯ ಬೆಳೆಗಾರರೊಬ್ಬರ ತೋಟವಿದೆ. ಅದರ ಅಂಚಿನ ಹಳ್ಳದಲ್ಲಿ, ತರಗೆಲೆಗಳ ನಡುವೆ, ನವರಂಗವೊಂದು ಚಳಿಗಾಲ ಕಳೆಯುತ್ತಿತ್ತು. ಮುಂಜಾನೆ, ಮುಸ್ಸಂಜೆಗಳಲ್ಲಿ ಎರಡು ಸ್ವರದ ಸಿಳ್ಳು. ತಮಿಳರು ಅದನ್ನು 'ಆರು ಗಂಟೆಯ ಹಕ್ಕಿ' ಎನ್ನುವುದುಂಟು. ಬೇಸಗೆಯಲ್ಲಿ ಅದು ಮಧ್ಯಭಾರತ, ಹಿಮಾಲಯದ ತಪ್ಪಲುಗಳತ್ತ ಗೂಡು ಕಟ್ಟಲು ಹೊರಡುತ್ತದೆ. ಯಜಮಾನರು ಹಳ್ಳದ ಮೇಲಿನ ಹಾಲುವಾಣದ ಸಾಲನ್ನು ಕಡಿಸಿ ಸಿಲ್ವರ್ ಓಕ್ ನೆಡಿಸಲು ನಿಶ್ಚಯಿಸಿದ್ದರು. ಫೆಬ್ರವರಿಯಲ್ಲಿ ಆ ಕೆಂಪು ಹೂಗಳ ಮೇಲೆ ಹಕ್ಕಿಗಳ ಸಂತೆಯನ್ನು ಕಂಡಿದ್ದ ನಾನು ಅಳುಕುತ್ತಲೇ ಮಾತೆತ್ತಿದೆ.

"ಹಕ್ಕಿಗಳು ಬಾಡಿಗೆ ಕೊಡುತ್ತವೆಯೇ, ಮೇಷ್ಟ್ರೇ?" ಎಂದರು ಅವರು.

ಅವರ ಮಾತು ಒರಟಾದರೂ ಲೆಕ್ಕ ಸುಳ್ಳಲ್ಲ. ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ನೆಟ್ಟಗಿನ ಆಸರೆಯಾಗುತ್ತದೆ. ಕಾಡುಮರಗಳನ್ನು ಕಡಿಯಲು ಬೇಕಾದ ಅಪ್ಪಣೆಯ ತೊಡಕು ಅದಕ್ಕಿಲ್ಲ. ಕಾಫಿಯ ಬೆಲೆ ಬಿದ್ದ ವರ್ಷ ಮನೆ ನಡೆಸುವವರು ಅವರು, ನಾನಲ್ಲ. ಸಂಬಳದ ಮೇಷ್ಟ್ರು ಅನ್ಯರ ಮರಗಳ ಬಗ್ಗೆ ಉದಾರಿಯಾಗುವುದು ಸುಲಭ. ನಾನು ಸುಮ್ಮನಾದೆ. ಸಾಲು ಹೋಯಿತು, ಹಳ್ಳವನ್ನು ಮಾತ್ರ ಅವರು ಮುಟ್ಟಲಿಲ್ಲ.

2024ರ ಏಪ್ರಿಲ್ 14ರಂದು ನವರಂಗವನ್ನು ಕಂಡೆವು. 21ರಂದು ಒಂದು ಗಂಟೆ ಕುಳಿತರೂ ಸದ್ದಿಲ್ಲ. ಹುಡುಗರು ಪುಸ್ತಕದಲ್ಲಿ 'ಕಡೆಯ ದರ್ಶನ: 14' ಎಂದು ಬರೆದರು. ಬುಧವಾರ ಬೆಳಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ದೂರವಾಣಿ ಮೊಳಗಿತು.

"ಮೇಷ್ಟ್ರೇ, ನಿಮ್ಮ ಲೆಕ್ಕ ತಪ್ಪು. ಈಗಷ್ಟೇ ಕೂಗಿತು, ಎರಡು ಸಲ. ನಿನ್ನೆಯೂ ಕೂಗಿತ್ತು."

ಎಷ್ಟು ದಿನಗಳಿಂದ ಅವರು ಹಳ್ಳದ ಬಳಿ ಕಿವಿಗೊಟ್ಟು ನಿಲ್ಲುತ್ತಿದ್ದರೋ ನಾನು ಕೇಳಲಿಲ್ಲ. 14 ಎಂಬುದನ್ನು ಹೊಡೆದು 24 ಎಂದು ತಿದ್ದಿ, ಪಕ್ಕದಲ್ಲಿ ಸಾಕ್ಷಿಯಾಗಿ ಅವರ ಹೆಸರು ಬರೆದೆ.