ಹಾರ್ಡ್ ಡಿಸ್ಕ್ ಎಂಬ ಹೊಸ ಓಲೆಗರಿ

ಹನ್ನೆರಡನೆಯ ಶತಮಾನದ ಶರಣರ ವಚನಗಳು ಇಂದು ನಮಗೆ ದೊರೆತಿರುವುದು ಒಂದೇ ಓಲೆಕಟ್ಟು ಎಂಟುನೂರು ವರ್ಷ ಬಾಳಿದುದರಿಂದಲ್ಲ. ಗರಿಗೆ ಹುಳು ಹಿಡಿಯುವ ಮುನ್ನವೇ ಯಾರೋ ಒಬ್ಬ ಭಕ್ತರು ಅದನ್ನು ಹೊಸ ಗರಿಗೆ ಪ್ರತಿಮಾಡಿದರು; ಆ ಪ್ರತಿಯಿಂದ ಮತ್ತೊಬ್ಬರು ಬರೆದುಕೊಂಡರು. ಹಾಗೆ ಮಠಗಳಲ್ಲಿಯೂ ಮನೆಗಳಲ್ಲಿಯೂ ಉಳಿದು ಬಂದ ಕಟ್ಟುಗಳನ್ನು ಫ.ಗು. ಹಳಕಟ್ಟಿಯವರು ಊರೂರು ಅಲೆದು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಪ್ರತಿಮಾಡುವ ಕಾಯಕ ನಡುವೆ ನಿಂತುಹೋಗಿದ್ದರೆ ಅಚ್ಚಿಗೆ ಕೊಡಲು ಏನು ಉಳಿಯುತ್ತಿತ್ತು?

ಇಂದು ಪ್ರತಿಯೊಂದು ಮನೆತನಕ್ಕೂ ಹಾರ್ಡ್ ಡಿಸ್ಕೇ ಓಲೆಗರಿಯಾಗಿದೆ. ಕೋಲಾರದ ನಮ್ಮ ಮನೆಯ ಡಿಸ್ಕ್‌ನಲ್ಲಿ ವಂಶಾವಳಿ, ಲಿಂಗದೀಕ್ಷೆ, ವಿವಾಹಗಳ ಚಿತ್ರಗಳು ಮಾತ್ರವಲ್ಲದೆ, ಲಿಂಗೈಕ್ಯರಾದ ನಮ್ಮ ತಾಯಿಯವರು ಶ್ರಾವಣಮಾಸದಲ್ಲಿ ಹಾಡುತ್ತಿದ್ದ ವಚನಗಳೂ ಇವೆ. ಮೂಲದ ಕ್ಯಾಸೆಟ್ಟುಗಳು ಎಂದೋ ಬೂಷ್ಟು ಹಿಡಿದು ಹಾಳಾದವು.

ಡಿಸ್ಕ್‌ನೊಳಗಿನ ತಟ್ಟೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತದೆ. ಓದುವ ಮೊನೆಯು ಕೂದಲೆಳೆಗಿಂತ ಸಾವಿರಾರು ಪಟ್ಟು ಕಿರಿದಾದ ಅಂತರದಲ್ಲಿ ಅದರ ಮೇಲೆ ತೇಲುತ್ತಿರುತ್ತದೆ. ಇಂತಹ ಯಂತ್ರಕ್ಕೆ ಸವಕಳಿ ತಪ್ಪದು. ಆದರೆ ಅದು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಡುತ್ತದೆ. ಅದಕ್ಕೆ ‘ಸ್ಮಾರ್ಟ್’ ಎಂದು ಹೆಸರು. ಕ್ರಿಸ್ಟಲ್ ಡಿಸ್ಕ್ ಇನ್ಫೋದಂತಹ ಉಚಿತ ತಂತ್ರಾಂಶದಿಂದ ಅದನ್ನು ನೋಡಬಹುದು. ಅಲ್ಲಿ ಎರಡು ಅಂಕಿಗಳು ಮುಖ್ಯ: ಕೆಟ್ಟ ಜಾಗವನ್ನು ಕೈಬಿಟ್ಟು ಮೀಸಲು ಜಾಗಕ್ಕೆ ಬದಲಿಸಿಕೊಂಡ ಲೆಕ್ಕ ಒಂದು, ಓದಲಾಗದೆ ತೀರ್ಮಾನಕ್ಕಾಗಿ ಕಾದಿರುವ ಜಾಗಗಳ ಲೆಕ್ಕ ಇನ್ನೊಂದು. ‘ಸಿಆರ್‌ಸಿ’ ದೋಷದ ಅಂಕಿ ಮಾತ್ರ ಏರಿದ್ದರೆ ಬಹುಮಟ್ಟಿಗೆ ತಪ್ಪು ಕೇಬಲಿನದು. ಮೊದಲು ಕೇಬಲನ್ನು ಬದಲಿಸಿ ನೋಡಬೇಕು.

2023ರ ಶ್ರಾವಣದಲ್ಲಿ ನಮ್ಮ ಡಿಸ್ಕ್‌ನ ಮೊದಲನೆಯ ಅಂಕಿ 8 ಇದ್ದಿತು. ದೀಪಾವಳಿಯಲ್ಲಿಯೂ ಅಷ್ಟೇ ಇದ್ದುದರಿಂದ ಸುಮ್ಮನಾದೆವು. 2024ರ ಶಿವರಾತ್ರಿಯ ವೇಳೆಗೆ ಅದು 24ಕ್ಕೆ ಏರಿತ್ತು. ಒಂದು ಅಂಕಿ ಇದೆಯೆಂಬುದಕ್ಕಿಂತ ಅದು ಏರುತ್ತಿದೆಯೆಂಬುದೇ ಎಚ್ಚರಿಕೆ. ಹೊಸ ಡಿಸ್ಕ್ ತರೋಣವೆಂದಾಗ ಮುಳಬಾಗಿಲಿನ ನಮ್ಮ ತಮ್ಮನು, “ಅಣ್ಣಾ, ದುಡಿಯುತ್ತಿರುವ ಎತ್ತನ್ನು ಯಾರಾದರೂ ಕೊಟ್ಟಿಗೆಯಿಂದ ಅಟ್ಟುತ್ತಾರೆಯೇ?” ಎಂದನು. ದುಂದುವೆಚ್ಚ ಸಲ್ಲದೆಂಬ ಅವನ ಮಾತು ಧರ್ಮವೇ. ಆದರೆ ಡಿಸ್ಕ್‌ನ ಬೆಲೆಯನ್ನು ಮತ್ತೆ ದುಡಿಯಬಹುದು, ಅವ್ವನ ಧ್ವನಿಯನ್ನು ದುಡಿಯಲಾಗದು ಎಂದೆವು. ಅವನು ಮರುಮಾತಾಡಲಿಲ್ಲ.

ಲೆಕ್ಕ ಶುದ್ಧವಾಗಿದ್ದರೂ ನಿಶ್ಚಿಂತೆ ಸಲ್ಲದು. ಗೂಗಲ್ ಸಂಸ್ಥೆಯವರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕೆಟ್ಟ ಡಿಸ್ಕ್‌ಗಳಲ್ಲಿ ನೂರಕ್ಕೆ 36ಕ್ಕೂ ಹೆಚ್ಚಿನವು, ತಾಪಮಾನದ ಮಾತನ್ನು ಬಿಟ್ಟರೆ, ಈ ಲೆಕ್ಕದಲ್ಲಿ ಯಾವ ಮುನ್ಸೂಚನೆಯನ್ನೂ ತೋರಿರಲಿಲ್ಲ. ಆದ್ದರಿಂದ ಒಂದೇ ಪ್ರತಿಯನ್ನು ನಂಬುವುದು ಜಾಣತನವಲ್ಲ. ನಾವು ಹೊಸ ಡಿಸ್ಕ್‌ಗೆ ಎಲ್ಲವನ್ನೂ ಪ್ರತಿಮಾಡಿ, ಇನ್ನೂ ಮೂರು ಪ್ರತಿಗಳನ್ನು ಮುಳಬಾಗಿಲಿನ ತಮ್ಮನಿಗೂ, ಮಾಲೂರಿಗೆ ಕೊಟ್ಟ ತಂಗಿಗೂ, ಶ್ರೀನಿವಾಸಪುರದ ಮಗಳ ಮನೆಗೂ ಕಳುಹಿಸಿದೆವು. ಒಂದು ಮನೆಗೆ ಸಿಡಿಲೋ ಕಳ್ಳರೋ ಬಂದರೂ ಉಳಿದ ಮನೆಗಳಲ್ಲಿ ಅವ್ವನ ಹಾಡು ಇರುತ್ತದೆ.

ಸದ್ಭಕ್ತ ಬಂಧುಗಳು ಡಿಸ್ಕ್ ಕೊಂಡ ತಿಂಗಳನ್ನು ಅದರ ಮೇಲೆ ಬರೆದು ಅಂಟಿಸಲಿ. ಹಬ್ಬಕ್ಕೊಮ್ಮೆ ಅಂಕಿಗಳನ್ನು ನೋಡಿ ಗುರುತು ಹಾಕಲಿ. ಅಂಕಿ ಏರಿದರೆ, ಕಡತ ತೆರೆಯಲು ತಡವಾದರೆ, ಟಕಟಕ ಸದ್ದು ಕೇಳಿದರೆ ದುರಸ್ತಿಯ ಪ್ರಯೋಗಕ್ಕೆ ಇಳಿಯದೆ ಮೊದಲು ಪ್ರತಿ ತೆಗೆದುಕೊಳ್ಳಲಿ. ಯಾವ ತೊಂದರೆಯೂ ಕಾಣದಿದ್ದರೂ ಐದು ವರ್ಷ ತುಂಬಿದ ಡಿಸ್ಕನ್ನು ಮುಖ್ಯ ಪ್ರತಿಯಾಗಿ ಇರಿಸಿಕೊಳ್ಳದಿರುವುದು ಲೇಸು. ಹಿರಿಯರು ಗರಿಯಿಂದ ಗರಿಗೆ ದಾಟಿಸಿ ನಮಗೆ ಒಪ್ಪಿಸಿದರು. ನಮ್ಮ ಮಕ್ಕಳಿಗೆ ಒಪ್ಪಿಸುವ ಸರದಿ ನಮ್ಮದು.