ಪೇಟೆಬೀದಿಯ ಹಂಚಿನ ಕಟ್ಟಡ

ಕುಮಟೆಯ ಪೇಟೆಬೀದಿಯಲ್ಲಿ ನನ್ನ ಆಯಿಯ ತವರಿನವರದೊಂದು ಹಂಚಿನ ಕಟ್ಟಡವಿದೆ. ಕೆಳಗೆ ಮೂರು ಅಂಗಡಿ, ಮೇಲೆ ಉದ್ದನೆಯ ಮಾಳಿಗೆ, ಪಕ್ಕದಲ್ಲಿ ಕಿರುಗುಟ್ಟುವ ಮರದ ಮೆಟ್ಟಿಲು. ಅಂಗಡಿಗಳಿಗೆ ಇಂದಿಗೂ ಹಲಗೆಯ ಬಾಗಿಲು. ಹಲಗೆಗಳ ಮೇಲೆ ಕ್ರಮವಾಗಿ ನಂಬರು ಕೊರೆದಿದೆ. ಒಂದು ನಂಬರು ಹಿಂದುಮುಂದಾದರೂ ರಾತ್ರಿ ಬಾಗಿಲು ಕೂಡುವುದಿಲ್ಲ. ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಹೊರಟ ಯಾತ್ರಿಕರು ಇದನ್ನು ಕಣ್ಣೆತ್ತಿಯೂ ನೋಡಲಾರರು. ನೋಡಬೇಕಾದದ್ದೂ ಇಲ್ಲವೆನ್ನಿ. ಆದರೆ ಊರು ಬದಲಾದ ಬಗೆಯನ್ನು ತಿಳಿಯಬಯಸುವವರಿಗೆ ಈ ಮೂರು ಬಾಗಿಲುಗಳ ಬೋರ್ಡುಗಳೇ ಸಾಕು.

ಕುಮಟೆ ಒಂದು ಕಾಲಕ್ಕೆ ಹೆಸರಾಂತ ಬಂದರು. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು, ಇಲ್ಲಿ ಹಡಗೇರಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದದ್ದು ಘಟ್ಟದ ಮೇಲಾದರೂ ವ್ಯಾಪಾರಿಗಳ ಬಾಯಲ್ಲಿ ಅದು 'ಕುಮಟಾ ಹತ್ತಿ'. 1861ರಿಂದ 1865ರ ವರೆಗೆ ಅಮೇರಿಕೆಯಲ್ಲಿ ಒಳಯುದ್ಧ ನಡೆದಾಗ ಅದಕ್ಕೆ ಎಲ್ಲಿಲ್ಲದ ಬೇಡಿಕೆ. ಮುಂದೆ ಮುರಗಾಂವ ಬಂದರಿಗೆ ರೈಲು ಬಂದದ್ದೇ ತಡ, ಹತ್ತಿ ಗೋವೆಯ ದಾರಿ ಹಿಡಿಯಿತು. ನಮ್ಮ ಕಟ್ಟಡ ಆ ವೈಭವ ಇಳಿದ ಮೇಲಿನದು. ಮುತ್ತಜ್ಜ ಅಕ್ಕಿ, ತೆಂಗಿನಕಾಯಿಗಳ ವ್ಯಾಪಾರಕ್ಕೆಂದು ಕಟ್ಟಿಸಿದ್ದು.

ಮೊದಲ ಬಾಗಿಲಿನ ದಿನಸಿ ಅಂಗಡಿ ಇಂದಿಗೂ ದಿನಸಿ ಅಂಗಡಿಯೇ. 1957ರ ಎಪ್ರಿಲಿನಲ್ಲಿ ನಯೇ ಪೈಸೆ ಬಂತು, ಬೆನ್ನಿಗೇ ಕಿಲೋ ತೂಕ. ಸೇರು ಮಣಗಳಲ್ಲಿ ಪಳಗಿದ ಕೈಗೆ ಅದು ಒಗ್ಗಲು ಬಹಳ ಕಾಲ ಹಿಡಿಯಿತಂತೆ. ಅಂದಿನ ಹಿತ್ತಾಳೆಯ ಸೇರಿನಲ್ಲಿ ಈಗ ಪೆನ್ನು, ಕತ್ತರಿಗಳಿವೆ. ನಡುವಿನ ಬಾಗಿಲಲ್ಲಿ ಅರಿವೆ ಅಂಗಡಿ ಹೋಗಿ ರೇಡಿಯೋ ರಿಪೇರಿ ಬಂತು, ಅದು ಹೋಗಿ ವಿಡಿಯೋ ಕ್ಯಾಸೆಟ್ಟು, ಈಗ ಮೊಬೈಲು.

ಮೂರನೆಯ ಬಾಗಿಲಿನ ಕತೆ ಬೇರೆ. 1990ರ ದಶಕದಲ್ಲಿ, ನಾನು ಬಾಲಕನಾಗಿದ್ದಾಗ, ಅಲ್ಲೊಂದು ಎಸ್.ಟಿ.ಡಿ. ಬೂತು. ರಾತ್ರಿ ಹನ್ನೊಂದರ ಮೇಲೆ ದರ ಕಾಲುಭಾಗ. ಆದ್ದರಿಂದ ಜನ ಊಟ ಮುಗಿಸಿ, ಟಾರ್ಚು ಹಿಡಿದು ಬಂದು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಗಾಜಿನ ಪೆಟ್ಟಿಗೆಯಲ್ಲಿ ಕೆಂಪಂಕಿಗಳು ಓಡಿದಂತೆ ಒಳಗಿದ್ದವರ ಮಾತೂ ಓಡುತ್ತಿತ್ತು. ಗಾಜು ಹೆಸರಿಗೆ ಮಾತ್ರ. ಯಾರ ಮಗನಿಗೆ ದಾದರಿನಲ್ಲಿ ಕೆಲಸ ಸಿಕ್ಕಿತು, ಯಾರ ಸೊಸೆ ಬಸುರಿ, ಯಾರು ಈ ತಿಂಗಳು ಹಣ ಕಳಿಸಲಿಲ್ಲ ಎಂಬುದೆಲ್ಲ ಬೆಳಗಾಗುವುದರೊಳಗೆ ಪೇಟೆಗೆ ಗೊತ್ತು. ಇತ್ತ ಡೊಂಬಿವಲಿಯ ಚಾಳಿನಲ್ಲಿ, ಫೋನಿದ್ದ ನೆರೆಮನೆಯವರ ಬಾಗಿಲಲ್ಲಿ, ನಾವು ನಿದ್ದೆಗಣ್ಣಿನಿಂದ ಕಾಯುತ್ತಿದ್ದೆವು. ಅಜ್ಜ ತೀರಿಕೊಂಡ ಸುದ್ದಿ ಬಂದದ್ದೂ ಆ ಬೂತಿನಿಂದಲೇ. ಈಗ ಬೂತಿನವನ ಮಗ ಅಲ್ಲಿಯೇ ಝೆರಾಕ್ಸು, ಆನ್‌ಲೈನ್ ಅರ್ಜಿ, ರೈಲು ಟಿಕೆಟುಗಳ ಅಂಗಡಿ ನಡೆಸುತ್ತಾನೆ.

ಮಾಳಿಗೆಯಲ್ಲಿ ಟೈಪಿಂಗ್ ಕ್ಲಾಸಿತ್ತು. ಆರೆಂಟು ಯಂತ್ರಗಳು ಒಟ್ಟಿಗೆ ಬಡಿಯುವಾಗ ಕೆಳಗಿನ ಅಕ್ಕಿಮೂಟೆಗಳ ಮೇಲೆ ಧೂಳು ಉದುರುತ್ತಿತ್ತಂತೆ. ಅಲ್ಲಿ ಬೆರಳು ಪಳಗಿಸಿಕೊಂಡ ಎಷ್ಟೋ ಮಂದಿ ಮುಂಬಯಿ ಬಸ್ಸು ಹತ್ತಿದರು. ಆಯಿಯ ಇಬ್ಬರು ಅಣ್ಣಂದಿರೂ ಅವರಲ್ಲಿದ್ದಾರೆ. ಈಗ ಅಲ್ಲಿ ಪಾರಿವಾಳಗಳ ವಾಸ.

ಇದೀಗ ಕಟ್ಟಡವನ್ನು ಮಾರುವ ಮಾತು ಎದ್ದಿದೆ. ಕೊಳ್ಳುವವರು ಇದನ್ನು ಕೆಡವಿ ಕಾಂಪ್ಲೆಕ್ಸು ಎಬ್ಬಿಸುವವರು. ಪಾಲುದಾರರು ಹನ್ನೊಂದು ಮಂದಿ; ಊರಲ್ಲಿರುವವರು ಸಣ್ಣ ಮಾವನವರೊಬ್ಬರೇ, ಉಳಿದವರೆಲ್ಲ ಮುಂಬಯಿ, ಠಾಣೆ, ಪುಣೆಗಳಲ್ಲಿ. ಅಜ್ಜನ ಕಾಲದ್ದನ್ನು ಮಾರಬಾರದೆಂದು ವಾಟ್ಸಾಪಿನಲ್ಲಿ ದೊಡ್ಡ ದೊಡ್ಡ ಒಕ್ಕಣೆಗಳು ಬಂದವು. ಮಾವನವರು ಫೋನಿನಲ್ಲಿ ಇಷ್ಟೇ ಹೇಳಿದರು: "ಬೇಡ ಅನ್ನೋರೆಲ್ಲ ಒಮ್ಮೆ ಜುಲೈ ತಿಂಗಳಲ್ಲಿ ಬನ್ನಿ, ಮಾಳಿಗೆ ಮೇಲೆ ಹಾಸಿಗೆ ಹಾಕಿಕೊಡ್ತೇನೆ." ಅವರ ಮಾತಿನಲ್ಲಿ ನ್ಯಾಯವಿದೆ. ಹಳೆಯ ಬಾಡಿಗೆ, ಅದು ಮಳೆಗಾಲದ ಮೊದಲು ಹಂಚು ಸರಿಮಾಡಿಸುವುದಕ್ಕೇ ಸಾಲದು. ಕೈಯಿಂದ ಹಾಕುತ್ತ ಬಂದವರು ಅವರು. ನಮ್ಮಲ್ಲಿ ಯಾರೂ ಒಂದು ಹಂಚಿನ ಬೆಲೆಯನ್ನೂ ಕಳಿಸಿದ್ದಿಲ್ಲ.

ಎಂಟು ಸಹಿಗಳಾಗಿವೆ. ಕಾಗದ ಈಗ ನಮ್ಮ ಮನೆಯಲ್ಲಿದೆ. ಮೂರನೆಯ ಬಾಗಿಲಿನ ಹುಡುಗನಿಗೆ ಹೊಸ ಕಟ್ಟಡದಲ್ಲಿ ಒಂದು ಅಂಗಡಿ ಕೊಡುವುದಾಗಿ ಬರೆದುಕೊಡುವ ತನಕ ತಾನು ಸಹಿ ಹಾಕುವುದಿಲ್ಲವೆಂದು ಆಯಿ ಕೂತಿದ್ದಾಳೆ. "ಆ ರಾತ್ರಿ ಅವನ ಅಪ್ಪ ನಮ್ಮಿಂದ ದುಡ್ಡು ತಕ್ಕೊಳ್ಳಲಿಲ್ಲ" ಎನ್ನುತ್ತಾಳೆ. ಕೊಳ್ಳುವವರು ಇನ್ನೂ ಒಪ್ಪಿಲ್ಲ. ಸರಕಾರಿ ಕಾರಕೂನನೆಂಬ ಕಾರಣಕ್ಕೆ ಆ ಷರತ್ತಿನ ಕರಡು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.